ಹಿಂದಿರುಗಲು ಮರೆತ ಗಾಳಿ

ಗಾಳಿಯಣ್ಣನ ಹೊಟ್ಟೆಕಿಚ್ಚಿನಲ್ಲಿ ಒಂದು ಸಣ್ಣ ಪಟ್ಟಣಕ್ಕೆ ಸ್ನಾನದ ನೀರು ಕಾಯಿಸಬಹುದಿತ್ತು. ಇದು ಉತ್ಪ್ರೇಕ್ಷೆ ಅನ್ನುವವರು ಅವನನ್ನು ಹತ್ತಿರದಿಂದ ನೋಡಿದವರಲ್ಲ. ಹೊರಗೆ ಎಲೆ ಅಲುಗದ ದಿನವೂ ಅವನು ಕೂತ ಕೋಣೆಯ ಕಿಟಕಿ ಪರದೆ ಒಳಮುಖವಾಗಿ ಹಾರಾಡುತ್ತಿತ್ತು. ಕಾದ ಗಾಳಿ ಮೇಲೇರುತ್ತದೆ, ಅದು ಬಿಟ್ಟ ಜಾಗಕ್ಕೆ ಸುತ್ತಲಿನ ತಂಪು ಗಾಳಿ ನುಗ್ಗುತ್ತದೆ, ಲೋಕದಲ್ಲಿ ಗಾಳಿ ಬೀಸುವುದು ಇದೊಂದೇ ಕಾರಣಕ್ಕೆ ಎಂದು ಅವನೇ ಸಿಕ್ಕಸಿಕ್ಕವರಿಗೆ ಪಾಠ ಹೇಳುತ್ತಿದ್ದ. ಆ ಕಾವು ತನ್ನ ಹೊಟ್ಟೆಯದೂ ಆಗಿರಬಹುದು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಅವನ ಉದ್ಯೋಗವೇ ಗಾಳಿ ಅಳೆಯುವುದು. ಹವಾಮಾನ ಕೇಂದ್ರವೆಂದರೆ ಎರಡು ಕೋಣೆ, ಗ್ಯಾಸ್ ಇಡುವ ಒಂದು ಶೆಡ್ಡು, ಮೇಲೊಂದು ಬೋಳು ತಾರಸಿ. ಅಲ್ಲಿಂದ ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಬಿಳಿ ಬಲೂನು ಬಿಡಬೇಕು. ನಿಮಿಷಕ್ಕೆ ನೂರಾ ಎಂಬತ್ತು ಮೀಟರು ಏರುವಂತೆ ಅದಕ್ಕೆ ಗ್ಯಾಸನ್ನು ತೂಗಿ ತುಂಬಿರುತ್ತಾರೆ. ಹಾಗಾಗಿ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಲು ಗಡಿಯಾರ ಸಾಕು. ಯಾವ ಕಡೆಗೆ ಎಷ್ಟು ದೂರ ಹೋಯಿತು ಎಂಬುದಕ್ಕೆ ಒಬ್ಬ ಮೂರುಕಾಲಿನ ದುರ್ಬೀನಿಗೆ ಕಣ್ಣಿಟ್ಟು ಬಲೂನನ್ನು ಹಿಂಬಾಲಿಸಬೇಕು. ಇನ್ನೊಬ್ಬ ಪಕ್ಕದಲ್ಲಿ ಕೂತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಬೇಕು. ಗಂಟೆ ಕೇಳಿದೊಡನೆ ಮೊದಲಿನವನು ದಿಕ್ಕಿನ ಡಿಗ್ರಿ, ಎತ್ತರದ ಡಿಗ್ರಿ ಎರಡನ್ನೂ ಕೂಗುತ್ತಾನೆ, ಎರಡನೆಯವನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಬಲೂನು ಒಡೆಯುವ ತನಕ, ಇಲ್ಲವೇ ಕಾಣದಾಗುವ ತನಕ ಇದೇ ಸಂಸಾರ. ಗಾಳಿಯಣ್ಣ ಮೂವತ್ತಾರು ವರ್ಷ ಈ ಕೆಲಸ ಮಾಡಿ ಮಾಡಿ, ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಸುತ್ತು ಚಿಕ್ಕದಾಗಿತ್ತು.

ಪಕ್ಕದಲ್ಲಿ ಕೂರುತ್ತಿದ್ದವನು ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ದಿನ ಬಿಟ್ಟು ದಿನ ಪಾಳಿ ಬದಲು: ಇಂದು ಇವನ ಕಣ್ಣು, ಅವನ ಪೆನ್ನು, ನಾಳೆ ಅವನ ಕಣ್ಣು, ಇವನ ಪೆನ್ನು. ಷಡ್ಡಕನಿಗೆ ಆ ಕೆಲಸ ಕೊಡಿಸಿದವನೂ ಗಾಳಿಯಣ್ಣನೇ, ದುರ್ಬೀನು ಹಿಡಿಯಲು ಕಲಿಸಿದವನೂ ಅವನೇ. ಹಾವು ಸಾಕಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅಂದುಕೊಂಡದ್ದೂ ಅವನೇ. ಷಡ್ಡಕನ ದೊಡ್ಡ ಅಪರಾಧವೆಂದರೆ ಅವನಲ್ಲಿ ಬೈಯಲು ಏನೂ ಸಿಗುತ್ತಿರಲಿಲ್ಲ. ಸದಾ ನಗುಮುಖ, ಮಾತಿಗೆ ಮುಂಚೆ ಒಂದು "ಭಾವ", ಮಾತಿನ ಕೊನೆಗೆ ಇನ್ನೊಂದು. ಅವನು ಕಣ್ಣು ಮಿಟುಕಿಸಿದ್ದನ್ನು ಕಂಡವರಿಲ್ಲ. ಅವನ ಮದುವೆಯ ಇನ್ನೂರು ಫೋಟೊಗಳಲ್ಲಿ ಒಂದರಲ್ಲೂ ಕಣ್ಣು ಮುಚ್ಚಿರಲಿಲ್ಲವಂತೆ.

ಎಂಟು ವರ್ಷದ ಹಿಂದೆ ಆ ಮಿಟುಕದ ಕಣ್ಣು ಒಂದು ಬಲೂನನ್ನು ನೂರಾ ಹನ್ನೆರಡು ನಿಮಿಷ ಹಿಂಬಾಲಿಸಿತು. ಅದಕ್ಕೆ ಮುಂಚೆ ಆ ಕೇಂದ್ರದಲ್ಲಿ ಅತಿ ಹೆಚ್ಚು ಹೊತ್ತು ಹಿಂಬಾಲಿಸಿದವನು ಗಾಳಿಯಣ್ಣ: ಎಂಬತ್ತನಾಲ್ಕು ನಿಮಿಷ. ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಆ ಎಂಬತ್ತನಾಲ್ಕು ಹದಿಮೂರು ವರ್ಷ ರಾರಾಜಿಸಿತ್ತು. ಅದನ್ನು ಒರೆಸಿ, ಬಿಳಿ ಬಣ್ಣದಲ್ಲಿ ನೂರಾ ಹನ್ನೆರಡು ಬರೆದರು. ಒರೆಸಲು ಒದ್ದೆ ಬಟ್ಟೆ ತಂದುಕೊಟ್ಟವನು ಗಾಳಿಯಣ್ಣ. ಆ ಬಟ್ಟೆ ಅವನ ಕೈಯಲ್ಲೇ ಒಣಗಿತು ಎಂದು ಜನ ಹೇಳುತ್ತಾರೆ.

ಹಲಗೆಯನ್ನಾದರೂ ನೋಡದೆ ಇರಬಹುದು, ಅತ್ತೆಯ ಮಾತು ಕೇಳದೆ ಇರಲಾಗುತ್ತದೆಯೇ? ಅತ್ತೆ ಆರು ತಿಂಗಳು ಹಿರಿಮಗಳ ಮನೆ, ಆರು ತಿಂಗಳು ಕಿರಿಮಗಳ ಮನೆ. ಹಿರಿಮಗಳ ಮನೆಯ ಆರು ತಿಂಗಳೂ ಊಟಕ್ಕೆ ಕೂತಾಗ ಒಂದೇ ಕಥೆ.

"ಚಿಕ್ಕಳಿಯಂದು ಹದ್ದಿನ ಕಣ್ಣು ಬಿಡಿ. ನೀವೂ ಇದೀರಿ, ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತೀರಿ."

"ಅವನು ನೋಡಿದ ದಿನ ಆಕಾಶ ಶುಭ್ರವಾಗಿತ್ತು, ಅತ್ತೆ."

"ಆಕಾಶ ಇಬ್ರಿಗೂ ಒಂದೇ ಅಲ್ವಾ? ಅಥವಾ ನಿಮಗೆ ಬೇರೆ ಕೊಟ್ಟಿದಾರಾ?"

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅಮ್ಮ, ಸಾಕು ಬಿಡು. ಆಗಲೇ ತಟ್ಟೆಯಿಂದ ಹೊಗೆ ಬರ್ತಾ ಇದೆ" ಅನ್ನುತ್ತಿದ್ದಳು.

ಹೀಗೆ ಎಂಟು ವರ್ಷ ಬೆಂದು, ಗಾಳಿಯಣ್ಣ ನಿವೃತ್ತಿಯ ತಿಂಗಳಿಗೆ ಬಂದು ನಿಂತ. ಮೂವತ್ತನೇ ತಾರೀಕು ಕೊನೆಯ ದಿನ. ಪೆನ್ಷನ್ನು, ಹಾರ, ಭಾಷಣ ಯಾವುದರ ಚಿಂತೆಯೂ ಅವನಿಗಿರಲಿಲ್ಲ. ಹೊರಗೆ ಕಾಲಿಡುವ ಮುಂಚೆ ಆ ಹಲಗೆಯ ಮೇಲಿನ ನೂರಾ ಹನ್ನೆರಡು ಅಳಿಯಬೇಕು, ಅಷ್ಟೆ. ಅಳಿಯದಿದ್ದರೆ ಮುಂದಿನ ಇಪ್ಪತ್ತು ವರ್ಷ ಅತ್ತೆಯ ಎದುರು ಉಣ್ಣುವುದು ಹೇಗೆ?

ಇಲ್ಲಿ ಆ ಊರಿನ ಗಾಳಿಯ ಸ್ವಭಾವ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಅಲ್ಲಿ ಬಿಟ್ಟ ಬಲೂನು ಮೊದಲು ಪಶ್ಚಿಮಕ್ಕೆ ಹೊರಡುತ್ತದೆ. ಏಳೆಂಟು ಕಿಲೋಮೀಟರು ಮೇಲೇರಿದ ಮೇಲೆ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾದವರ ಹಾಗೆ ಗಕ್ಕನೆ ನಿಲ್ಲುತ್ತದೆ. ಆಮೇಲೆ ಹಿಂದಿರುಗಿ, ತಾರಸಿಯ ನೆತ್ತಿಯ ಮೇಲೆಯೇ ಹಾದು, ಪೂರ್ವಕ್ಕೆ ಓಡುತ್ತದೆ. ಇದು ಬಲೂನಿನ ಹುಚ್ಚಲ್ಲ, ಭೂಮಿಯ ವ್ಯವಹಾರ. ಭೂಮಿಯ ಸೊಂಟದ ಸುತ್ತ ಬಿಸಿಲು ನೆತ್ತಿಗೇ ಬೀಳುತ್ತದೆ. ಅಲ್ಲಿ ಕಾದ ಗಾಳಿ ಹದಿನೈದು ಕಿಲೋಮೀಟರಿನಷ್ಟು ಏರಿ, ಇನ್ನು ಏರಲಾರದೆ ಧ್ರುವಗಳ ಕಡೆಗೆ ಹರಡುತ್ತದೆ. ತಿರುಗುವ ಭೂಮಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಪೂರ್ವಕ್ಕೆ ಓಡುವುದು ಆ ಸೊಂಟವೇ. ಅಲ್ಲಿಂದ ಹೊರಟ ಗಾಳಿ ಆ ವೇಗವನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತದೆ. ಅಷ್ಟು ಜೋರಾಗಿ ತಿರುಗದ ನೆಲದ ಮೇಲೆ ಬಂದಾಗ ಅದು ನೆಲವನ್ನೇ ಹಿಂದಿಕ್ಕಿ ಪೂರ್ವಕ್ಕೆ ಧಾವಿಸುತ್ತದೆ. ಮುಂದೆ ಎಲ್ಲೋ ತಣಿದು, ಭಾರವಾಗಿ, ಮರುಭೂಮಿಗಳಿರುವ ಪಟ್ಟಿಯಲ್ಲಿ ಕೆಳಗಿಳಿದು, ನೆಲಕ್ಕಂಟಿಕೊಂಡು ಮತ್ತೆ ಸೊಂಟದ ಕಡೆಗೆ ಮರಳುತ್ತದೆ. ಈ ಸಲ ಜೇಬಿನಲ್ಲಿರುವ ವೇಗ ಕಡಿಮೆ, ಕಾಲಡಿಯ ನೆಲದ್ದು ಜಾಸ್ತಿ. ಹಾಗಾಗಿ ಗಾಳಿ ಹಿಂದುಳಿದು ಪಶ್ಚಿಮಕ್ಕೆ ವಾಲುತ್ತದೆ. ಕೆಳಗೆ ಹೋಗುವ ಗಾಳಿ, ಮೇಲೆ ಬರುವ ಗಾಳಿ. ಆ ತಾರಸಿಯ ಮೇಲೆ ಇವೆರಡೂ ಒಂದರ ಮೇಲೊಂದು ಮಾಳಿಗೆ ಮನೆಯಂತೆ ಕೂತಿದ್ದವು.

ಹದಿನೇಳನೇ ತಾರೀಕು. ಗಾಳಿಯಣ್ಣನ ಕಣ್ಣು, ಷಡ್ಡಕನ ಪೆನ್ನು. ಆಕಾಶ ತೊಳೆದಿಟ್ಟ ಪಿಂಗಾಣಿಯಂತಿತ್ತು. ಬಲೂನು ಎಂದಿನಂತೆ ಪಶ್ಚಿಮಕ್ಕೆ ಹೊರಟಿತು. ಮೂವತ್ತೆಂಟನೇ ನಿಮಿಷದಲ್ಲಿ ಗಾಳಿಯಣ್ಣನಿಗೆ ಸೀನು ಬಂತು. ಅದು ಎಂಥ ಸೀನೆಂದರೆ ಪಕ್ಕದ ಬೀದಿಯಲ್ಲಿ ಮೂವರು ಛತ್ರಿ ಬಿಚ್ಚಿದರು. ಮತ್ತೆ ಕಣ್ಣಿಟ್ಟಾಗ ಬಲೂನು ಇಲ್ಲ. ಅತ್ತಿತ್ತ ತಡಕಾಡಿದ. ಅರ್ಧ ನಿಮಿಷದಲ್ಲಿ, ಅಲ್ಲೇ ಹತ್ತಿರ, ಬಿಳಿ ಚುಕ್ಕಿ ಸಿಕ್ಕಿತು. ಒಂದು ಪಕ್ಕ ಇಲಿ ಕಡಿದ ಬಿಸ್ಕತ್ತಿನಂತೆ ಕಂಡಿತು. ಬಿಸಿಲು ಒಂದೇ ಕಡೆಗೆ ಬೀಳುತ್ತಿದೆ, ಅದಕ್ಕೆ ಹಾಗೆ ಎಂದುಕೊಂಡ.

ಅರವತ್ತು ನಿಮಿಷವಾಯಿತು, ಎಂಬತ್ತನಾಲ್ಕೂ ದಾಟಿತು. ಬಲೂನು ಅಳುಕದೆ, ಒಡೆಯದೆ, ಪಶ್ಚಿಮದಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಅದು ಹಿಂದಿರುಗಬೇಕಿತ್ತಲ್ಲ ಎಂಬ ಯೋಚನೆ ಒಮ್ಮೆ ಬಾಗಿಲು ತಟ್ಟಿತು. ಗಾಳಿಯಣ್ಣ ತೆರೆಯಲಿಲ್ಲ.

"ಭಾವ, ನೂರಾ ಹನ್ನೆರಡು" ಎಂದ ಷಡ್ಡಕ. ಅವನ ಗಂಟೆ ಒಂದು ಕ್ಷಣ ತಡವಾಗಿತ್ತು.

"ಬಾಯಿ ಮುಚ್ಕೊಂಡು ಬಾರಿಸು."

"ಬಾರಿಸಿದೆ ಭಾವ. ನೂರಾ ಹದಿಮೂರು. ಕಂಗ್ರಾಜುಲೇಷನ್ಸ್."

"ಇನ್ನೂ ಇದೆ, ಬರಿ!"

ನೂರಾ ಮೂವತ್ತೊಂದಕ್ಕೆ ಮೋಡವೊಂದು ಬಂದು ಚುಕ್ಕಿಯನ್ನು ನುಂಗಿತು. ಗಾಳಿಯಣ್ಣನ ಕಣ್ಣು ಬಾತುಕೊಂಡು ನಿಂಬೆಹಣ್ಣಿನಷ್ಟಾಗಿತ್ತು, ಕುತ್ತಿಗೆ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಆದರೆ ಎಂಟು ವರ್ಷದಲ್ಲಿ ಮೊದಲ ಸಲ ಆ ಕೋಣೆಯ ಪರದೆ ಅಲುಗದೆ ನಿಂತಿತು. ಷಡ್ಡಕ ಕೈ ಕುಲುಕಿ, "ನಾಳೆ ನಾನೇ ಬಣ್ಣ, ಬ್ರಷ್ಷು ತರ್ತೀನಿ ಭಾವ. ಚೆನ್ನಾಗಿ ಬರೆಯೋಣ" ಎಂದು ನಗುತ್ತಲೇ ಎರಡು ಗಂಟೆಗೆ ಮನೆಗೆ ಹೋದ. ಆ ನಗುವೊಂದು ಇಲ್ಲದಿದ್ದರೆ ಸಂತೋಷ ಪೂರ್ತಿಯಾಗುತ್ತಿತ್ತು.

ಗಾಳಿಯಣ್ಣ ಹೆಂಡತಿಗೆ ಫೋನು ಮಾಡಿ, "ಅತ್ತೆಗೆ ಹೇಳು, ರಾತ್ರಿ ಊಟಕ್ಕೆ ಕೂತಾಗ ನಂಗೊಂದು ಮಾತಾಡೋದಿದೆ" ಎಂದಷ್ಟೇ ಹೇಳಿದ. ಮೂರೂವರೆಗೆ ಮತ್ತೆ ಫೋನು ಬಡಿದುಕೊಂಡಿತು. ದೊಡ್ಡ ಕಚೇರಿಯ ನಕ್ಷೆ ಮೇಡಂ. ಸುತ್ತಲಿನ ಎಲ್ಲ ಕೇಂದ್ರಗಳ ಅಂಕಿಗಳನ್ನೂ ಒಂದು ನಕ್ಷೆಯ ಮೇಲೆ ಇಟ್ಟು ಗಾಳಿಯ ದಾರಿ ಬರೆಯುವವರು ಅವರು.

"ಸರ್, ನಿಮ್ಮೂರಿನ ಗಾಳಿ ಹೋದದ್ದು ವಾಪಸ್ ಬಂದೇ ಇಲ್ವಲ್ಲ?"

"ಅಂದ್ರೆ?"

"ಸುತ್ತ ನಾಲ್ಕೂ ಕೇಂದ್ರದಲ್ಲಿ ಹತ್ತು ಕಿಲೋಮೀಟರ್ ಮೇಲೆ ಗಾಳಿ ಪೂರ್ವಕ್ಕೆ ಓಡ್ತಾ ಇದೆ. ಮಧ್ಯದಲ್ಲಿ ನೀವೊಬ್ರು ಮಾತ್ರ ಪಶ್ಚಿಮಕ್ಕೆ. ಹಿಂಗೇ ಬರೀ ಹೋಗ್ತಾನೇ ಇದ್ರೆ ನಾಳೆಗೆ ನಿಮ್ಮೂರಲ್ಲಿ ಉಸಿರಾಡೋಕೂ ಗಾಳಿ ಉಳಿಯಲ್ಲ."

"ಗಾಳಿ ನಿಮ್ಮ ನಕ್ಷೆ ಕೇಳ್ಕೊಂಡು ಬೀಸುತ್ತಾ ಮೇಡಂ? ನನ್ನ ಕಣ್ಣಾರೆ ನೋಡಿದೀನಿ. ನೂರಾ ಮೂವತ್ತೊಂದು ನಿಮಿಷ!"

"ಮೂವತ್ತಾರು ವರ್ಷ ಮಾಡಿದವರು ನೀವು, ನಿಮ್ಮ ಮಾತೇ ಮಾತು. ಐದು ಗಂಟೆವರೆಗೂ ನಕ್ಷೆ ಮುಚ್ಚಲ್ಲ. ಸರಿ ಅಂದ್ರೆ ಸರಿ ಅಂತೀನಿ. ವಿಮಾನದವರು ಇದನ್ನೇ ನೋಡ್ಕೊಂಡು ಹಾರ್ತಾರೆ, ಅಷ್ಟೆ."

ಆ "ಅಷ್ಟೆ" ಅವನ ಕಿವಿಯಲ್ಲಿ ಉಳಿಯಿತು. ಕೂಡಲೇ ಇನ್ನೊಂದು ಯೋಚನೆ ಬಂತು: ಷಡ್ಡಕನ ನೂರಾ ಹನ್ನೆರಡನ್ನು ಯಾರೂ ಕೇಳಲಿಲ್ಲ, ನನ್ನದನ್ನು ಮಾತ್ರ ಯಾಕೆ ಕೇಳಬೇಕು? ಆ ಕಾಲದಲ್ಲಿ ನಕ್ಷೆ ಬರೆಯುತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದು, ಯಾವ ಅಂಕಿ ಬಂದರೂ "ಆಗಲಿ" ಅನ್ನುತ್ತಿದ್ದರು ಎಂಬುದು ಬೇರೆ ಮಾತು. ಅವನದು ನಿಂತರೆ ನನ್ನದೂ ನಿಲ್ಲಬೇಕು ಎಂದು ಗಾಳಿಯಣ್ಣ ಬೀರುವಿನಿಂದ ಹಳೆಯ ರಿಜಿಸ್ಟರು ಎಳೆದ. ಧೂಳಿಗೆ ಮತ್ತೆ ಸೀನು ಬಂತು.

ಎಂಟು ವರ್ಷದ ಹಿಂದಿನ ಇದೇ ತಿಂಗಳು, ಹತ್ತೊಂಬತ್ತನೇ ತಾರೀಕು. ಅಕ್ಷರ ತನ್ನದೇ, ಅಂದು ಬರೆದುಕೊಂಡವನು ತಾನೇ ತಾನೆ. ಎಂಬತ್ತೈದನೇ ನಿಮಿಷದಿಂದಾಚೆಗೆ ನಿಬ್ಬು ಕಾಗದವನ್ನು ಸೀಳಿಕೊಂಡೇ ಹೋಗಿತ್ತು. ಮೂವತ್ತಾರನೇ ನಿಮಿಷದ ಎದುರಿಗೆ "ಮೋಡ, ಅರ್ಧ ನಿಮಿಷ" ಎಂದಿತ್ತು. ಅಂದಿನ ಬಲೂನೂ ಹಿಂದಿರುಗಿರಲಿಲ್ಲ. ಗಾಳಿಯಣ್ಣನಿಗೆ ಧೈರ್ಯ ಬಂತು. ಇಂದಿನ ಪುಟವನ್ನು ಪಕ್ಕದಲ್ಲಿಟ್ಟು ಬೆರಳಿಟ್ಟು ನೋಡುತ್ತ ಹೋದ. ಅರವತ್ತನೇ ನಿಮಿಷ: ಆಗ ಎತ್ತರ ಐವತ್ತೊಂಬತ್ತು ಡಿಗ್ರಿ, ಈಗಲೂ ಐವತ್ತೊಂಬತ್ತು. ನೂರನೇ ನಿಮಿಷ: ಆಗ ಐವತ್ತು, ಈಗಲೂ ಐವತ್ತು. ದಿಕ್ಕೂ ಅದೇ. ನೂರಾ ಹನ್ನೆರಡರ ತನಕ ಎರಡು ಬಲೂನುಗಳೂ ಎಂಟು ವರ್ಷದ ಅಂತರದಲ್ಲಿ ಒಂದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದಿದ್ದವು.

ಬೆರಳು ನಿಂತಿತು.

ಗಾಳಿ ನಿನ್ನೆಯ ದಾರಿಯಲ್ಲಿ ಇವತ್ತು ನಡೆಯುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಗಡಿಯಾರ ನೋಡಿಕೊಂಡು ಅದೇ ಜಾಗಕ್ಕೆ ಅದೇ ಹೊತ್ತಿಗೆ ಬರುವಂಥದ್ದು ಆಕಾಶದಲ್ಲಿ ಬೇರೆ ಜಾತಿಯದು. ಇಲಿ ಕಡಿದ ಬಿಸ್ಕತ್ತು ನೆನಪಾಯಿತು. ಎಂಟು ವರ್ಷಕ್ಕೊಮ್ಮೆ, ಎರಡು ದಿನ ಮುಂಚಿತವಾಗಿ, ಬೆಳ್ಳಿ ಚುಕ್ಕಿ ಆಕಾಶದಲ್ಲಿ ತನ್ನ ಹಳೆಯ ಜಾಗಕ್ಕೆ ಬಂದು ನಿಲ್ಲುತ್ತದೆ ಎಂದು ಕೆಲಸಕ್ಕೆ ಸೇರಿದ ವರ್ಷ ಯಾರೋ ಹೇಳಿದ್ದರು. ಅದು ಹಗಲಲ್ಲೂ ದುರ್ಬೀನಿಗೆ, ಚಂದ್ರನ ಹಾಗೆ ಒಂದು ಪಕ್ಕ ಸವೆದು, ಕಾಣುತ್ತದೆ, ಬಲೂನೆಂದುಕೊಂಡು ಮೋಸ ಹೋದೀಯ ಜೋಕೆ ಎಂದೂ ಹೇಳಿದ್ದರು. ಅದನ್ನು ಅವನು ಷಡ್ಡಕನಿಗೆ ಕಲಿಸಲು ಮರೆತಿದ್ದ. ತನಗೆ ಕಲಿಸಿಕೊಳ್ಳಲೂ ಮರೆತಿದ್ದ.

ಮೊದಲು ಬಂದದ್ದು ಸಂತೋಷ. ಷಡ್ಡಕನ ನೂರಾ ಹನ್ನೆರಡು ಸುಳ್ಳು! ಖಾಲಿ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತೇ ಅವನು ನಾಲ್ಕು ಹೆಜ್ಜೆ ಕುಣಿದ. ಐದು ನಿಮಿಷ ಪೂರ್ತಿ ಆ ಸುಖ ಅನುಭವಿಸಿದ ಮೇಲೆ ಎರಡನೆಯದು ಬಂತು: ಹಾಗಾದರೆ ನನ್ನ ನೂರಾ ಮೂವತ್ತೊಂದೂ ಸುಳ್ಳು. ಅವನ ಸುಳ್ಳನ್ನು ಬಯಲು ಮಾಡಿದರೆ ನನ್ನದೂ ಬಯಲು. ಸುಮ್ಮನಿದ್ದರೆ ನಾಳೆ ಹಲಗೆ ನನ್ನದು, ಇವತ್ತು ರಾತ್ರಿ ಅತ್ತೆ ನನ್ನವರು. ವಿಮಾನದವರು ಮಾತ್ರ ಇಲ್ಲದ ಗಾಳಿಯ ಮೇಲೆ ಹಾರುತ್ತಾರೆ.

ನಾಲ್ಕು ಐವತ್ತೆರಡಕ್ಕೆ ಅವನು ಫೋನೆತ್ತಿದ.

"ಮೇಡಂ, ಮೂವತ್ತೆಂಟನೇ ನಿಮಿಷದ ಆಚೆಗೆ ಎಲ್ಲ ಹೊಡೆದು ಹಾಕಿ."

"ಯಾಕ್ ಸರ್, ಏನಾಗಿತ್ತು?"

"ಸೀನು."

ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಏನೋ ಮಾತಾಡೋದಿದೆ ಅಂದ್ರಂತೆ?" ಎಂದರು. ಗಾಳಿಯಣ್ಣ, "ಉಪ್ಪು ಕಡಿಮೆಯಾಗಿದೆ" ಎಂದ.

ಮರುದಿನ ಷಡ್ಡಕ ಹೇಳಿದಂತೆಯೇ ಬಣ್ಣದ ಡಬ್ಬಿ, ಹೊಸ ಬ್ರಷ್ಷು ಹಿಡಿದು ಬಂದ. ಅವನ ಪಾಳಿ. ಬಲೂನು ಮೂವತ್ತೊಂದನೇ ನಿಮಿಷಕ್ಕೆ ಮೋಡದಲ್ಲಿ ಕಳೆದುಹೋಯಿತು. ಮೋಡ ಸರಿದ ಮೇಲೆ, ಹನ್ನೊಂದಕ್ಕೆ ಸರಿಯಾಗಿ, ಗಾಳಿಯಣ್ಣ ಹಳೆಯ ರಿಜಿಸ್ಟರು ನೋಡಿ ದುರ್ಬೀನನ್ನು ಐವತ್ತೊಂಬತ್ತು ಡಿಗ್ರಿಗೆ ತಿರುಗಿಸಿದ. ತಾನೊಮ್ಮೆ ನೋಡಿ ಪಕ್ಕಕ್ಕೆ ಸರಿದು ನಿಂತ.

"ಬಾ, ನೋಡು."

"ಏನ್ ಭಾವ? ಬಲೂನು ಹೋಯ್ತಲ್ಲ ಆಗ್ಲೇ."

"ಇವತ್ತಿಂದಲ್ಲ. ನಿಂದು, ಎಂಟು ವರ್ಷದ ಹಿಂದಿಂದು. ಇನ್ನೂ ಒಡೆದಿಲ್ಲ."

ಷಡ್ಡಕ ಕಣ್ಣಿಟ್ಟ. ನೋಡುತ್ತಲೇ ಇದ್ದ. ಮೆಲ್ಲಗೆ ಅವನ ನಗು ಕರಗಿತು, ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಅವನ ಕಣ್ಣು ಮಿಟುಕಿತು.

"ಬೆಳ್ಳಿನಾ?"

"ಬೆಳ್ಳಿನೇ. ನಿನ್ನೆ ನಂದೂ ಅದೇ. ನಾನು ನಿನ್ನೆ ಸಂಜೆನೇ ಹೊಡೆಸಿ ಹಾಕ್ದೆ."

ಷಡ್ಡಕ ದುರ್ಬೀನಿಗೆ ಮುಚ್ಚಳ ಹಾಕಿದ. ಆಮೇಲೆ, "ಭಾವ, ಅತ್ತೆಗೆ ಹೇಳ್ಬೇಡಿ" ಎಂದ.

ಎಂಟು ವರ್ಷದ ಊಟಗಳೆಲ್ಲ ಗಾಳಿಯಣ್ಣನ ಗಂಟಲಲ್ಲಿ ಒಟ್ಟಿಗೆ ಎದ್ದು ಬಂದವು. ಅವನ್ನು ಮತ್ತೆ ನುಂಗಿಕೊಂಡು, "ಹೇಳಲ್ಲ ಹೋಗು" ಎಂದ. ಅಷ್ಟು ಕಷ್ಟದ ಎರಡು ಪದಗಳನ್ನು ಯಾರೂ ಆ ತಾರಸಿಯ ಮೇಲೆ ಆಡಿರಲಿಲ್ಲ. ಷಡ್ಡಕ ಕೆಳಗಿಳಿದು, ತಾನೇ ಬಟ್ಟೆ ಒದ್ದೆ ಮಾಡಿ ಹಲಗೆ ಒರೆಸಿದ. ಒಣಗಿದ ಬಣ್ಣ ಬಟ್ಟೆಗೆ ಬಾರದೆ ಉಗುರಿನಿಂದಲೂ ಕೆರೆದ. ತಂದ ಬಣ್ಣ ಇತ್ತಲ್ಲ, ಅದರಿಂದಲೇ ಎಂಬತ್ತನಾಲ್ಕು ಬರೆದು, ಕೆಳಗೆ ಭಾವನ ಹೆಸರು ಬರೆದ. ಅಕ್ಷರ ಮುದ್ದಾಗಿತ್ತು. ಈಗ ಅವನ ಕಣ್ಣನ್ನಾದರೂ ಬೈಯಬಹುದಿತ್ತು, ಅಕ್ಷರ ಬೈಯುವಂತಿರಲಿಲ್ಲ.

ಷಡ್ಡಕನ ನಿಜವಾದ ಅತಿ ಹೆಚ್ಚು ಎಷ್ಟು ಎಂದು ಹುಡುಕಿದರೆ ಎಪ್ಪತ್ತೊಂಬತ್ತು ಸಿಕ್ಕಿತು. ಐದೇ ನಿಮಿಷ ಕಡಿಮೆ. ನೂರಾ ಹನ್ನೆರಡು ಇದ್ದವನಿಗೆ ಯಾರ ಮೇಲೂ ಅಸೂಯೆ ಇರಲಿಲ್ಲ. ಎಪ್ಪತ್ತೊಂಬತ್ತಕ್ಕೆ ಇಳಿದವನ ಮುಖ ಎರಡೇ ದಿನಕ್ಕೆ ಒಣಗಿತು. "ಭಾವ" ಕಡಿಮೆಯಾಯಿತು. ಬೆಳಗ್ಗೆ ಎಂಟಕ್ಕೇ ಬಂದು ದುರ್ಬೀನಿನ ಗಾಜು ಒರೆಸುತ್ತ ಕೂರತೊಡಗಿದ. ಈಗ ಪರದೆ ಅವನ ಮೇಜಿನ ಕಡೆಗೆ ಹಾರಾಡತೊಡಗಿದ್ದನ್ನು ನೋಡಿ ಗಾಳಿಯಣ್ಣ ಹತ್ತು ದಿನ ಹೊಟ್ಟೆ ತುಂಬ ಉಂಡ. ಅತ್ತೆ ಹದ್ದಿನ ಕಣ್ಣಿನ ಕಥೆ ತೆಗೆದರೆ, "ಹೌದತ್ತೆ, ಅವನಷ್ಟು ದೂರದ್ದನ್ನು ನೋಡಿದವರು ಈ ಭೂಮಿ ಮೇಲಿಲ್ಲ" ಎಂದು ಇನ್ನೆರಡು ತುತ್ತು ಹೆಚ್ಚೇ ಹಾಕಿಸಿಕೊಂಡ.

ಮೂವತ್ತನೇ ತಾರೀಕು ಷಡ್ಡಕನ ಕಣ್ಣು, ಗಾಳಿಯಣ್ಣನ ಪೆನ್ನು. ಮೂವತ್ತಾರು ವರ್ಷದ ಕೊನೆಯ ಗಂಟೆ ಬಾರಿಸುವ ಕೆಲಸ. ಬಲೂನು ಪಶ್ಚಿಮಕ್ಕೆ ಹೊರಟಿತು, ನಲವತ್ತೆರಡಕ್ಕೆ ನಿಂತಿತು, ಹಿಂದಿರುಗಿತು, ನೆತ್ತಿಯ ಮೇಲೆ ಹಾದು ಪೂರ್ವಕ್ಕೆ ಓಡಿತು. ಶಾಸ್ತ್ರಕ್ಕೆ ಸರಿಯಾದ, ಒಳ್ಳೆಯ ಮನೆತನದ ಬಲೂನು. ಎಪ್ಪತ್ತೊಂಬತ್ತು ದಾಟಿತು. ಎಂಬತ್ತು, ಎಂಬತ್ತೊಂದು.

"ಕಾಣ್ತಿದೆಯಾ?"

"ಕಾಣ್ತಿದೆ. ಬಾರಿಸಿ."

ಎಂಬತ್ತಮೂರಕ್ಕೆ ಗಾಳಿಯಣ್ಣನ ಕೈ ಗಂಟೆಯ ಮೇಲೆ ಇತ್ತು. ಗಂಟೆ ಬಾರಿಸದಿದ್ದರೆ ಅಂಕಿಯಿಲ್ಲ. ಅಂಕಿಯಿಲ್ಲದಿದ್ದರೆ ಬಲೂನು ಎಂಬತ್ತಮೂರಕ್ಕೇ ಹೋಯಿತು ಅಂತ ಲೆಕ್ಕ. ಗಡಿಯಾರದ ಮುಳ್ಳು ಸುತ್ತು ಮುಗಿಸಿತು. ಅವನು ಬಾರಿಸಿದ. ಎಂಬತ್ತನಾಲ್ಕು. ಮತ್ತೆ ಬಾರಿಸಿದ. ಎಂಬತ್ತೈದಕ್ಕೆ ನಿಬ್ಬು ಕಾಗದ ಸೀಳಿತು, ಕೆಳಗಿನ ಮೂರು ಹಾಳೆಗಳನ್ನೂ, ಅದರ ಕೆಳಗಿನ ಮೇಜಿನ ಅರ್ಧ ಅಂಗುಲ ಮರವನ್ನೂ.

"ಸರಿ, ಆಚೆ ಸರಿ" ಎಂದು ಎದ್ದ. "ನಾನೊಮ್ಮೆ ನೋಡ್ಬೇಕು."

"ಭಾವ, ಪೂರ್ವದಲ್ಲಿದೆ! ಬೆಳ್ಳಿ ಇರೋದು ಆ ಕಡೆ!"

"ಸರಿ ಅಂದ್ನಲ್ಲ."

ಎರಡು ಗಂಟೆಗಳ ನಡುವಿನ ಸಮಯದಲ್ಲಿ ಗಾಳಿಯಣ್ಣ ದುರ್ಬೀನಿಗೆ ಕಣ್ಣಿಟ್ಟ. ಎಲ್ಲಾದರೂ ಒಂದು ಪಕ್ಕ ಇಲಿ ಕಡಿದಿದೆಯೇ ಎಂದು ಪ್ರಾಣ ಒತ್ತೆಯಿಟ್ಟು ಹುಡುಕಿದ. ಚುಕ್ಕಿ ದುಂಡಗಿತ್ತು. ಎಲ್ಲ ಕಡೆಯಿಂದಲೂ, ಪೂರ್ತಿ, ಅನ್ಯಾಯವಾಗಿ ದುಂಡಗಿತ್ತು. ಅವನು ಜಾಗ ಬಿಟ್ಟುಕೊಟ್ಟು, ಬಂದು ಕೂತು, ಹೊತ್ತಿಗೆ ಸರಿಯಾಗಿ ಎಂಬತ್ತಾರರ ಗಂಟೆ ಬಾರಿಸಿದ.